ಕಥೆಯ ಮೈ ಕೆಡುವುದು ಎಲ್ಲಿ? ದಿನವಹಿ ಧಾರಾವಾಹಿ ನೋಡುವವರಿಗೂ ಬರೆಯುವವರಿಗೂ ಒಂದು ಪ್ರಶ್ನೆ

ಮುಸ್ಸಂಜೆ

ಒಂದು ತಿಂಗಳಿಂದ ತಲೆ ಕೊರೆಯುತ್ತಿರುವ ವಿಷಯ. ಈ ಚರ್ಚಾತಾಣದಲ್ಲಿ ಧಾರಾವಾಹಿ ನೋಡುವವರೂ ಇದ್ದೀರಿ, ಅದರಲ್ಲಿ ದುಡಿದವರೂ ಇದ್ದೀರಿ, ಅದಕ್ಕೇ ಕೇಳ್ತಿದ್ದೀನಿ. ಯಾವ ಧಾರಾವಾಹಿ, ಯಾವ ಚಾನೆಲ್ ಅನ್ನೋದು ಬೇಡ. ಇದು ಎಲ್ಲ ಕಡೆ ಇರೋದೇ.

ನಮ್ಮನೆಯಲ್ಲಿ ಸಂಜೆ ಏಳರಿಂದ ಒಂಬತ್ತೂವರೆವರೆಗೆ ಟಿವಿ ಅಮ್ಮನದು. ನಾನು ಪಕ್ಕದಲ್ಲಿ ಕೂತು ಲ್ಯಾಪ್‌ಟಾಪ್‌ನಲ್ಲಿ ಕೆಲಸ ಮುಗಿಸ್ತಾ ಅರ್ಧ ಕಣ್ಣಲ್ಲಿ ನೋಡ್ತೀನಿ. ಈಗ ನಡೀತಿರೋ ಟ್ರ್ಯಾಕ್ ಇಷ್ಟು: ಮಾವನ ಅಪಘಾತಕ್ಕೆ ಮೈದುನನೇ ಕಾರಣ ಅಂತ ನಾಯಕಿಗೆ ಗೊತ್ತಾಗಿದೆ. ಗಂಡನಿಗೆ ಹೇಳಬೇಕು. ಮೂರು ವಾರದಿಂದ ಹೇಳೋಕೆ ಹೊರಟಿದ್ದಾಳೆ. ಮೊದಲ ಸಲ ಗಂಡನ ಫೋನ್ ರಿಂಗ್ ಆಯ್ತು. ಎರಡನೇ ಸಲ ಅತ್ತೆ ತಲೆ ಸುತ್ತಿ ಬಿದ್ದರು. ಮೂರನೇ ಸಲ ಮೈದುನನೇ ಬಾಗಿಲಲ್ಲಿ ಬಂದು ನಿಂತ. ಮೊನ್ನೆ ನಾಲ್ಕನೇ ಸಲ ಅವಳು "ನಾನು ನಿಮ್ಮತ್ರ ಒಂದು ವಿಷಯ ಹೇಳ್ಬೇಕು" ಅಂದ ತಕ್ಷಣ ಅಮ್ಮ ಎದ್ದು ಸಾರಿಗೆ ಒಗ್ಗರಣೆ ಹಾಕೋಕೆ ಹೋದರು. ಹತ್ತು ವರ್ಷದಲ್ಲಿ ಅವರು ಬ್ರೇಕ್ ಬರೋ ಮುಂಚೆ ಎದ್ದದ್ದು ನಾನು ನೋಡೇ ಇಲ್ಲ.

ಆದರೆ ಇದೇ ಧಾರಾವಾಹಿಯಲ್ಲಿ, ಎರಡು ತಿಂಗಳ ಹಿಂದೆ ಒಂದು ಕಂತು ಬಂದಿತ್ತು. ಅತ್ತೆ ಬಟ್ಟೆ ಮಡಚುವಾಗ ಚಿಕ್ಕ ಮಗನ ಪ್ಯಾಂಟಿನ ಜೇಬಲ್ಲಿ ಗ್ಯಾರೇಜಿನ ರಸೀದಿ ಸಿಗುತ್ತೆ. ಕಾರಿನ ಮುಂಭಾಗ ರಿಪೇರಿ, ತಾರೀಖು ಅಪಘಾತದ ಮರುದಿನದ್ದು. ಆಕೆ ಏನೂ ಹೇಳಲ್ಲ. ರಸೀದಿ ಸೆರಗಿನ ತುದಿಗೆ ಕಟ್ಟಿಕೊಂಡು ಊಟಕ್ಕೆ ಬಡಿಸೋಕೆ ಬರ್ತಾಳೆ. ದೊಡ್ಡ ಮಗನಿಗೆ ಅನ್ನ, ಸೊಸೆಗೆ ಅನ್ನ. ಚಿಕ್ಕವನ ತಟ್ಟೆ ಹತ್ತಿರ ಬಂದಾಗ ಕೈ ನಿಲ್ಲುತ್ತೆ. ಆಮೇಲೆ ಎಲ್ಲರಿಗಿಂತ ಒಂದು ಚಮಚ ತುಪ್ಪ ಹೆಚ್ಚು ಹಾಕ್ತಾಳೆ. ಇಡೀ ಕಂತಲ್ಲಿ ನಡೆದದ್ದು ಒಂದು ಊಟ, ಅಷ್ಟೇ. ಅವತ್ತು ಅಮ್ಮ ಜಾಹೀರಾತು ಬಂದಾಗಲೂ ಏಳಲಿಲ್ಲ.

ಎರಡೂ ನಿಧಾನ. ಎರಡರಲ್ಲೂ ಗುಟ್ಟು ಹೊರಗೆ ಬರಲಿಲ್ಲ. ಒಂದು ಹಿಡಿದು ಕೂರಿಸಿತು, ಇನ್ನೊಂದು ಎಬ್ಬಿಸಿ ಕಳಿಸಿತು. ಯಾಕೆ? "ಎಳೀತಾರೆ" ಅನ್ನೋ ಒಂದೇ ಮಾತಲ್ಲಿ ಇದು ಮುಗಿಯಲ್ಲ ಅಂತ ನನ್ನ ಅನಿಸಿಕೆ.

ಹದಿಮೂರು ಕಂತು

ನನಗೆ ಇದರಲ್ಲಿ ಗೊಂದಲವೇ ಇಲ್ಲ. ಉದ್ದವೇ ರೋಗ. ವಾರಕ್ಕೆ ಐದು ದಿನ ಅಂದರೆ ವರ್ಷಕ್ಕೆ 260 ಕಂತು. ಜಾಹೀರಾತು ಕಳೆದು ಕಂತಿಗೆ 22 ನಿಮಿಷ ಹಿಡಿದರೂ 95 ಗಂಟೆ. ಒಂದು ಕುಟುಂಬದ ಕಥೆಗೆ 95 ಗಂಟೆ ತುಂಬುವಷ್ಟು ಘಟನೆ ಎಲ್ಲಿಂದ ಬರಬೇಕು? ಬರದೇ ಇದ್ದಾಗ ಫೋನ್ ರಿಂಗ್ ಆಗುತ್ತೆ, ಅತ್ತೆ ತಲೆ ಸುತ್ತಿ ಬೀಳುತ್ತಾರೆ.

ದೂರದರ್ಶನದ ಕಾಲದಲ್ಲಿ 13 ಕಂತಿನ ಲೆಕ್ಕದಲ್ಲಿ ಧಾರಾವಾಹಿಗೆ ಒಪ್ಪಿಗೆ ಕೊಡುತ್ತಿದ್ದರು. ಎಂಬತ್ತರ ದಶಕದಲ್ಲಿ ಶಂಕರ್ ನಾಗ್ ಆಗುಂಬೆಯಲ್ಲಿ ಚಿತ್ರಿಸಿದ 'ಮಾಲ್ಗುಡಿ ಡೇಸ್' ಇವತ್ತಿಗೂ ಕೂತು ನೋಡಬಹುದು. ಒಂದು ದೃಶ್ಯ ಹೆಚ್ಚಿಲ್ಲ. ಇಡೀ ಮಹಾಭಾರತವನ್ನೇ ಬಿ.ಆರ್. ಚೋಪ್ರಾ 94 ಕಂತಿನಲ್ಲಿ ಮುಗಿಸಿದರು. ಇಂದಿನ ದಿನವಹಿ ಲೆಕ್ಕಕ್ಕೆ ಅದು ಐದು ತಿಂಗಳೂ ಅಲ್ಲ.

ಎಡಿಟ್ ಟೇಬಲ್

ಚೋಪ್ರಾ ಅವರ ಕಂತು ಮುಕ್ಕಾಲು ಗಂಟೆಯ ಹತ್ತಿರ ಇರುತ್ತಿತ್ತು, ವಾರಕ್ಕೊಂದು. ಹಾಗಾಗಿ ಕಂತಿನ ಸಂಖ್ಯೆ ಮಾತ್ರ ಇಟ್ಟುಕೊಂಡು ಹೋಲಿಸುವುದು ಸರಿಯಾಗಲಾರದು. 'ಮಾಲ್ಗುಡಿ ಡೇಸ್' ಕೂಡ ಬಹುಪಾಲು ಬಿಡಿ ಕಥೆಗಳು. ಸ್ವಾಮಿಯ ಕಥೆ ಕೆಲವು ಕಂತು ಸಾಗುತ್ತದೆ, ಉಳಿದವು ಒಂದೊಂದು ಕಂತಿನಲ್ಲಿ ಮುಗಿಯುತ್ತವೆ. ಅದು ಸಣ್ಣಕಥೆಯ ಜಾತಿ, ದಿನವಹಿ ಬೇರೆಯೇ ಜಾತಿ.

ನಾನು ದಿನವಹಿಗಳ ಸಂಕಲನದಲ್ಲಿ ಹನ್ನೊಂದು ವರ್ಷ ಕೆಲಸ ಮಾಡಿದವನು. ಒಳಗೆ ಹೇಗೆ ನಡೆಯುತ್ತದೆ ಅಂತ ಸ್ವಲ್ಪ ಬಿಡಿಸಿ ಹೇಳುತ್ತೇನೆ, ಆಮೇಲೆ ಮುಸ್ಸಂಜೆಯವರ ಪ್ರಶ್ನೆಗೆ ಬರುತ್ತೇನೆ.

ಕಥೆ ಒಬ್ಬರದು, ಚಿತ್ರಕಥೆ ಇನ್ನೊಬ್ಬರದು, ಸಂಭಾಷಣೆ ಮತ್ತೊಬ್ಬರದು. ವಾರದ ಒನ್‌ಲೈನ್, ಅಂದರೆ ಆ ವಾರದ ಕಥೆಯ ಸಂಕ್ಷಿಪ್ತ ರೂಪ, ಚಾನೆಲ್ ಒಪ್ಪಬೇಕು. ಗುರುವಾರ ಎಷ್ಟು ಜನ ನೋಡಿದರು ಅನ್ನುವ ಬಾರ್ಕ್ ಅಂಕಿ ಬರುತ್ತದೆ. ಅಂಕಿ ಇಳಿದರೆ ಒಪ್ಪಿಗೆಯಾಗಿದ್ದ ಒನ್‌ಲೈನ್ ಮತ್ತೆ ಬದಲಾಗುತ್ತದೆ. ಕೈಯಲ್ಲಿ ಮೊದಲೇ ಚಿತ್ರಿಸಿಟ್ಟ ಕಂತುಗಳ ಬ್ಯಾಂಕ್ ಇದ್ದರೆ ಉಸಿರಾಡಬಹುದು. ಇಲ್ಲದಿದ್ದರೆ ಇವತ್ತು ಚಿತ್ರಿಸಿದ್ದು ನಾಳೆ ಪ್ರಸಾರ. 2020ರ ಲಾಕ್‌ಡೌನ್‌ನಲ್ಲಿ ಚಿತ್ರೀಕರಣ ನಿಂತಾಗ ಚಾನೆಲ್‌ಗಳು ಬಹುಬೇಗ ಹಳೆಯ ಕಂತುಗಳ ಮರುಪ್ರಸಾರಕ್ಕೆ ಇಳಿದದ್ದು ನೆನಪಿದೆಯಲ್ಲ? ಬ್ಯಾಂಕ್ ಅಷ್ಟು ತೆಳುವಾಗಿತ್ತು.

ಇದರ ಮೇಲೆ ಕಲಾವಿದರ ಡೇಟ್ಸ್. ಗಂಡನ ಪಾತ್ರದವರು ತಿಂಗಳಿಗೆ ಹನ್ನೆರಡು ದಿನ ಮಾತ್ರ ಸಿಗುತ್ತಾರೆ ಅಂದುಕೊಳ್ಳಿ. ಗುಟ್ಟು ಗಂಡನಿಗೆ ಗೊತ್ತಾದರೆ ಮುಂದಿನ ಎರಡು ವಾರ ಅವರು ಪ್ರತಿ ಕಂತಿನಲ್ಲೂ ಇರಲೇಬೇಕು. ಆ ದಿನಗಳು ಇಲ್ಲ. ಹಾಗಾಗಿ ಫೋನ್ ರಿಂಗ್ ಆಗುತ್ತದೆ. ನೀವು ನೋಡಿದ ನಾಲ್ಕು ಅಡ್ಡಿಗಳಲ್ಲಿ ಎರಡಾದರೂ ಹೀಗೆ ಹುಟ್ಟಿರುತ್ತವೆ ಅಂತ ನನ್ನ ಅಂದಾಜು.

ಒಂದೇ ರಿಯಾಕ್ಷನ್ ಶಾಟ್ ಮೂರು ಸಲ ಹಾಕುತ್ತಾರೆ ಅಂತ ಎಲ್ಲರೂ ಬೈಯುತ್ತಾರೆ. ಆ ಕಟ್‌ಗಳನ್ನು ಹಾಕಿದ ಕೈ ಇದು. ನಮಗೆ ಹೇಳಿಕೊಟ್ಟದ್ದು, ನೋಡುಗರು ಟಿವಿ ಎದುರು ಕೂತಿರುವುದಿಲ್ಲ, ತರಕಾರಿ ಹೆಚ್ಚುತ್ತಿರುತ್ತಾರೆ, ಮಗುವಿಗೆ ಊಟ ಮಾಡಿಸುತ್ತಿರುತ್ತಾರೆ, ಕಿವಿ ಮಾತ್ರ ಇಲ್ಲಿರುತ್ತದೆ ಅಂತ. ದೊಡ್ಡ ಸದ್ದು ಬಂದಾಗ ತಿರುಗಿ ನೋಡುತ್ತಾರೆ. ತಿರುಗುವಷ್ಟರಲ್ಲಿ ಮೊದಲ ಶಾಟ್ ಹೋಗಿರುತ್ತದೆ, ಎರಡನೆಯದು ಅವರಿಗಾಗಿ. ಪಾತ್ರಗಳು ನಿನ್ನೆ ನಡೆದದ್ದನ್ನೇ ಮತ್ತೆ ಮಾತಿನಲ್ಲಿ ಹೇಳುವುದೂ ಅದಕ್ಕೇ. ಒಂದು ರೀತಿಯಲ್ಲಿ ರೇಡಿಯೋ ನಾಟಕದ ಕಟ್ಟಡದ ಮೇಲೆ ಚಿತ್ರ ಅಂಟಿಸಿದ ಹಾಗೆ.

ಈಗ ನಿಮ್ಮ ಊಟದ ಕಂತು. ಅದರಲ್ಲಿ ಅತ್ತೆ ಮಾತೇ ಆಡಲಿಲ್ಲ. ಕಿವಿಯಿಂದ ನೋಡುವವರಿಗೆ ಅಲ್ಲಿ ಏನೂ ಇಲ್ಲ. ಆದರೂ ನಿಮ್ಮ ಅಮ್ಮ ಕೂತರು. ನಮಗೆ ಹೇಳಿಕೊಟ್ಟ ಪಾಠ ಅಲ್ಲಿ ಬಿದ್ದುಹೋಯಿತು. ಇದನ್ನು ನಾನು ಸಂಕಲನದ ಕೋಣೆಯಲ್ಲಿ ಎಷ್ಟೋ ಸಲ ಹೇಳಲು ಹೋಗಿ ಸೋತಿದ್ದೇನೆ: ಸುಮ್ಮನಿರುವ ದೃಶ್ಯಕ್ಕೆ ಜನ ಕೈಕೆಲಸ ಬಿಟ್ಟು ಬರುತ್ತಾರೆ, ಅವರಿಗೆ ಆ ಮೌನದ ಅರ್ಥ ಮೊದಲೇ ಗೊತ್ತಿದ್ದರೆ.

ತಾಳಮದ್ದಳೆ ಕೇಳುಗ

"ಮೌನದ ಅರ್ಥ ಮೊದಲೇ ಗೊತ್ತಿದ್ದರೆ." ಈ ಮಾತಿನ ಮೇಲೆ ನಾನು ಸ್ವಲ್ಪ ನಿಲ್ಲುತ್ತೇನೆ.

ಉದ್ದವೇ ರೋಗ ಅನ್ನುವವರು ಒಮ್ಮೆ 'ಕೃಷ್ಣ ಸಂಧಾನ' ತಾಳಮದ್ದಳೆಗೆ ಬಂದು ಕೂರಬೇಕು. ವೇಷ ಇಲ್ಲ, ಕುಣಿತ ಇಲ್ಲ. ಪದ್ಯ ಹಾಡುವ ಭಾಗವತರು, ಮದ್ದಳೆ, ಎದುರುಬದುರು ಕೂತು ಪಾತ್ರಗಳ ಮಾತನ್ನು ಆಡುವ ಅರ್ಥಧಾರಿಗಳು. ಕೃಷ್ಣ ಕೌರವನ ಸಭೆಗೆ ಬರುತ್ತಾನೆ, ಸಂಧಿ ಆಗುವುದಿಲ್ಲ, ಹಿಂದಿರುಗುತ್ತಾನೆ. ಇಷ್ಟೇ ಕಥೆ. ಸಭೆಯಲ್ಲಿ ಕೂತ ಮಗುವಿಗೂ ಸಂಧಿ ಆಗುವುದಿಲ್ಲ ಅಂತ ಗೊತ್ತು. ಆದರೂ ಕೃಷ್ಣ ಮತ್ತು ಕೌರವ ಒಂದೇ ಪದ್ಯಕ್ಕೆ ಮುಕ್ಕಾಲು ಗಂಟೆ ಮಾತಿಗೆ ಮಾತು ಕೊಡುವಾಗ ಜನ ಅಲುಗುವುದಿಲ್ಲ. ಕಥೆ ಒಂದು ಅಂಗುಲವೂ ಮುಂದೆ ಹೋಗಿರುವುದಿಲ್ಲ.

ಹಾಗಾದರೆ ಅಲ್ಲಿ ಚಲಿಸುತ್ತಿರುವುದು ಏನು? ಕೌರವ ಮೊದಲು ಗತ್ತಿನಲ್ಲಿ ಕೂತಿರುತ್ತಾನೆ. ಕೃಷ್ಣ ಒಂದು ಮಾತು ಎಸೆದಾಗ ಅವನ ನ್ಯಾಯ ಸ್ವಲ್ಪ ಅಲ್ಲಾಡುತ್ತದೆ. ಅವನು ಬೇರೆ ನ್ಯಾಯ ಹುಡುಕುತ್ತಾನೆ. ಒಳ್ಳೆಯ ಅರ್ಥಧಾರಿಯಾದರೆ ಕೌರವನ ಪರವಾಗಿಯೂ ನಮ್ಮ ಮನಸ್ಸು ವಾಲುತ್ತದೆ, ಮರುಗಳಿಗೆಯಲ್ಲಿ ಹಿಂದಕ್ಕೆ ಬರುತ್ತದೆ. ಘಟನೆ ನಿಂತಿದ್ದರೂ ಇಬ್ಬರ ನಡುವಿನ ಅಂತರ ಪ್ರತಿ ಮಾತಿಗೂ ಬದಲಾಗುತ್ತಲೇ ಇರುತ್ತದೆ.

ಮುಸ್ಸಂಜೆಯವರ ಊಟದ ಕಂತಿನಲ್ಲಿ ಆದದ್ದೂ ಇದೇ. ಅತ್ತೆ ಬದಲಾದಳು. ಅನ್ನ ಬಡಿಸುವ ಮೊದಲಿನ ತಾಯಿ ಬೇರೆ, ತುಪ್ಪ ಹಾಕಿದ ಮೇಲಿನ ತಾಯಿ ಬೇರೆ. ಆ ಹೆಚ್ಚಿನ ತುಪ್ಪ ಕ್ಷಮೆಯೋ, ವಿದಾಯವೋ, ಮುಚ್ಚಿಹಾಕುವ ನಿರ್ಧಾರವೋ ಎಂದು ನೋಡುವವರು ಯೋಚಿಸಬೇಕು. ಫೋನ್ ರಿಂಗ್ ಆದ ದೃಶ್ಯದಲ್ಲಿ ಯಾರೂ ಬದಲಾಗಲಿಲ್ಲ. ಹೇಳಲು ಬಂದವಳು ಹೇಳದೆ ಹೋದಳು, ನಾಳೆ ಮತ್ತೆ ಅದೇ ಜಾಗದಿಂದ ಹೊರಡುತ್ತಾಳೆ.

ಪಂಪ 941ರಲ್ಲಿ ಭಾರತ ಬರೆಯುವಾಗ ಶುರುವಿನಲ್ಲೇ ಈ ಪ್ರಶ್ನೆ ಎತ್ತಿಕೊಂಡಿದ್ದಾನೆ: ಕಥೆ ಎಷ್ಟೇ ಹಿರಿದಾದರೂ ಕಥೆಯ ಮೈ ಕೆಡದಂತೆ ಹೇಳಬೇಕು, ಅದು ಸುಲಭವಲ್ಲ ಅಂತ. ಅವನ ಕೇಳುಗರಿಗೂ ಕಥೆ ಗೊತ್ತಿತ್ತು. ಹಿರಿದಾಗುವುದನ್ನು ಅವನು ದೋಷ ಅನ್ನಲಿಲ್ಲ. ಮೈ ಕೆಡುವುದನ್ನು ದೋಷ ಅಂದ.

ಹದಿಮೂರು ಕಂತು

ತಾಳಮದ್ದಳೆ ಒಂದು ರಾತ್ರಿಯದು ಸಾರ್. ಮರುದಿನ ಬೇರೆ ಪ್ರಸಂಗ. ಅದನ್ನೇ 260 ರಾತ್ರಿ ಮಾಡಿ ನೋಡಿ.

ತಾಳಮದ್ದಳೆ ಕೇಳುಗ

ಆ ಮಾತು ಒಪ್ಪುತ್ತೇನೆ. ಆದರೆ ಅದೇ 'ಕೃಷ್ಣ ಸಂಧಾನ'ವನ್ನು ನಾನು ಮೂವತ್ತು ಸಲವಾದರೂ ಕೇಳಿದ್ದೇನೆ.

ಮಲಪ್ರಭಾ ದಂಡಿ

ನಮ್ಮ ಕಡೆ ಶ್ರೀಕೃಷ್ಣ ಪಾರಿಜಾತ ಆಟನೂ ಹಂಗs ಐತ್ರಿ. ರುಕ್ಮಿಣಿಗೆ ಹೂವು ಕೊಟ್ಟಾನ, ಸತ್ಯಭಾಮಾ ಸಿಟ್ಟಾಗ್ಯಾಳ, ಕೊನೀಗೆ ಏನಾಕ್ಕೈತಿ ಅನ್ನೂದು ಎಲ್ಲಾರಿಗೂ ಗೊತ್ತು. ಸತ್ಯಭಾಮಾ ಕೃಷ್ಣನ ಮುಂದ ಆಡೋ ಮಾತು ಒಂದು, ದೂತಿ ಮುಂದ ಆಡೋ ಮಾತು ಒಂದು. ನಮ್ಮವ್ವ ಆ ಎರಡು ಮಾತಿನ ನಡುವಿನ ಫರಕು ಕೇಳಾಕ ಕುಂದರತಿದ್ಲು. ಈಗಿನ ಧಾರಾವಾಹಿ ಒಳಗ ನಾಯಕಿಗೆ ಅಂಥಾ ದೂತಿನs ಇಲ್ಲ. ಯಾರ ಮುಂದೂ ಬಾಯಿ ಬಿಡಂಗಿಲ್ಲ, ಕನ್ನಡಿ ಮುಂದ ನಿಂತು ಒಬ್ಬಾಕಿನs ಮಾತಾಡತಾಳ. ಮನಸಿನ್ಯಾಗಿಂದು ಹೇಳ್ಕೊಳ್ಳಾಕ ಒಬ್ಬ ಗೆಳತಿ ಕೊಟ್ರ ಅರ್ಧಾ ತ್ರಾಸು ಕಡಿಮಿ ಆಕ್ಕೈತಿ.

ನೀಲಿ ಪರದೆ

ಕೊನೆ ಗೊತ್ತಿದ್ದರೂ ಖುಷಿ ಕಡಿಮೆಯಾಗಲ್ಲ ಅನ್ನೋದಕ್ಕೆ ಒಂದು ಪ್ರಯೋಗವೂ ಇದೆ. 2011ರಲ್ಲಿ ಸ್ಯಾನ್ ಡಿಯಾಗೋದ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಜೊನಾಥನ್ ಲೆವಿಟ್ ಮತ್ತು ನಿಕೊಲಸ್ ಕ್ರಿಸ್ಟನ್‌ಫೆಲ್ಡ್ 12 ಸಣ್ಣಕಥೆಗಳನ್ನು ವಿದ್ಯಾರ್ಥಿಗಳಿಗೆ ಓದೋಕೆ ಕೊಟ್ಟರು. ಕೆಲವರಿಗೆ ಕೊನೆ ಮೊದಲೇ ಹೇಳಿಬಿಟ್ಟರು, ಕೆಲವರಿಗೆ ಹೇಳಲಿಲ್ಲ. ಒಟ್ಟಾರೆಯಾಗಿ ಕೊನೆ ಗೊತ್ತಿದ್ದವರೇ ಕಥೆಗೆ ಹೆಚ್ಚು ಅಂಕ ಕೊಟ್ಟರು. ಆಮೇಲೆ ಬೇರೆಯವರು ಮಾಡಿದ ಪ್ರಯೋಗಗಳಲ್ಲಿ ಉಲ್ಟಾ ಉತ್ತರವೂ ಬಂದಿದೆ, ಹಾಗಾಗಿ ಇದೇ ಕೊನೆ ಮಾತು ಅಂತ ನಾನು ಹೇಳಲ್ಲ. ಅದು ಕೂತು ಒಂದೇ ಸಲ ಓದಿ ಮುಗಿಸೋ ಕಥೆ, ದಿನಕ್ಕಿಷ್ಟು ಅಂತ ಕಾಯೋ ಕಥೆ ಅಲ್ಲ.

ನನಗೆ ಹೆಚ್ಚು ಉಪಯೋಗಕ್ಕೆ ಬಂದದ್ದು ಇನ್ನೊಂದು, ಹಳೆಯದು. 1982ರಲ್ಲಿ ಬ್ರೂವರ್ ಮತ್ತು ಲಿಕ್ಟೆನ್‌ಸ್ಟೈನ್ ಅನ್ನೋ ಇಬ್ಬರು ಕಥೆಯ ಖುಷಿಯನ್ನ ಮೂರಾಗಿ ಬಿಡಿಸಿದರು. ಮುಖ್ಯವಾದ ಸಂಗತಿಯೊಂದನ್ನು ನೋಡುಗರಿಗೆ ಗೊತ್ತೇ ಆಗದ ಹಾಗೆ ಮುಚ್ಚಿಟ್ಟು ಆಮೇಲೆ ಬಿಚ್ಚಿದರೆ ಅಚ್ಚರಿ. ಏನೋ ಮುಚ್ಚಿಟ್ಟಿದ್ದಾರೆ ಅಂತ ಗೊತ್ತಾಗೋ ಹಾಗೆ ಮುಚ್ಚಿಟ್ಟರೆ ಕುತೂಹಲ. ನಡೆದದ್ದನ್ನೆಲ್ಲ ಹೇಳಿ, ಮುಂದೇನಾಗುತ್ತೋ ಅಂತ ಕಾಯಿಸಿದರೆ ಆತಂಕ. ಮೂರಕ್ಕೂ ಜೋಡಣೆ ಬೇರೆ ಬೇರೆ.

ನಮ್ಮ ದಿನವಹಿಗಳ ಎಡವಟ್ಟು ಇಲ್ಲಿದೆ ಅನ್ಸುತ್ತೆ. ನಾಯಕಿಗೂ ಗೊತ್ತು, ನಮಗೂ ಗೊತ್ತು. ಅಲ್ಲಿಗೆ ಅಚ್ಚರಿ, ಕುತೂಹಲ ಎರಡೂ ಖಾಲಿ, ಉಳಿದದ್ದು ಆತಂಕ ಮಾತ್ರ. ಆತಂಕಕ್ಕೆ ಕಾಲದ ಒತ್ತಡ ಬೇಕು: ಇಷ್ಟರೊಳಗೆ ಹೇಳದಿದ್ದರೆ ಇಂಥದ್ದು ಕೈತಪ್ಪುತ್ತೆ ಅನ್ನೋದು ಇರಬೇಕು. ಇಲ್ಲಿ ಇವತ್ತು ಹೇಳದಿದ್ದರೆ ನಾಳೆ ಹೇಳಬಹುದು. ಕಳೆದುಕೊಳ್ಳೋದು ಏನೂ ಇಲ್ಲ. ಬಾಗಿಲು ಬಡಿಯೋ ಸದ್ದು ಎಷ್ಟು ಜೋರಾಗಿದ್ದರೂ ಏನು ಬಂತು?

ರಾತ್ರಿ ಪಾಳಿ

ನಾನು ಟಿವಿಯಲ್ಲಿ ನೋಡಲ್ಲ, ಕೆಲಸದಿಂದ ಬಂದು ಮೊಬೈಲ್ ಆ್ಯಪ್‌ನಲ್ಲಿ ಮೂರು ದಿನದ್ದು ಒಟ್ಟಿಗೆ ನೋಡ್ತೀನಿ. ಎಡಿಟ್ ಟೇಬಲ್ ಅವರು ಹೇಳಿದ್ದು ಓದಿದ ಮೇಲೆ ನನ್ನ ಕಿರಿಕಿರಿಗೆ ಕಾರಣ ಸಿಕ್ಕಿತು. ಇಯರ್‌ಫೋನ್ ಹಾಕಿ, ಕತ್ತಲಲ್ಲಿ, ಮುಖದ ಹತ್ತಿರ ಹಿಡಿದು ನೋಡೋಳಿಗೆ ಅದೇ ಶಾಟ್ ಮೂರು ಸಲ ತೋರಿಸಿದರೆ ನನ್ನ ಮೇಲೆ ನಂಬಿಕೆ ಇಲ್ವಾ ಅನ್ಸುತ್ತೆ. ಹತ್ತು ಸೆಕೆಂಡ್ ಮುಂದೆ ಓಡಿಸೋ ಬಟನ್ ಒತ್ತೋದೇ ಅಭ್ಯಾಸ ಆಗಿಬಿಟ್ಟಿದೆ. ಒಂದು ಕಂತು ಎಂಟು ನಿಮಿಷದಲ್ಲಿ ಮುಗಿಯುತ್ತೆ. ಊಟದ ದೃಶ್ಯದಂಥದ್ದು ಬಂದಾಗ ಮಾತ್ರ ಬೆರಳು ತಾನೇ ನಿಲ್ಲುತ್ತೆ.

ತುಂಬೆ ಹೂ

ಎಲ್ಲರೂ ಗುಟ್ಟನ್ನು ಕಟ್ಟಡದ ಸಮಸ್ಯೆ ಅಂತ ನೋಡ್ತಿದ್ದೀರಿ. ನನಗೆ ಇದರಲ್ಲಿ ಬೇರೆಯೇ ನೋವಿದೆ, ಅದನ್ನ ಹೇಳದೆ ಇರಲಾರೆ.

ಗುಟ್ಟು 200 ಕಂತು ಉಳಿಯಬೇಕಾದರೆ ಯಾರೋ ಒಬ್ಬರು 200 ಕಂತು ಬಾಯಿ ಮುಚ್ಚಿಕೊಂಡಿರಬೇಕು. ಅದು ಯಾವಾಗಲೂ ನಾಯಕಿ. ಅವಳು ಯಾಕೆ ಸುಮ್ಮನಿದ್ದಾಳೆ ಅಂತ ನಮಗೆ ಅನಿಸಬಾರದಲ್ಲ, ಅದಕ್ಕೆ ಅವಳನ್ನ ಸಹನಾಮೂರ್ತಿ ಮಾಡ್ತಾರೆ. "ಮನೆಯ ನೆಮ್ಮದಿ ಮುಖ್ಯ", "ಅತ್ತೆಗೆ ಆಘಾತ ಆಗಬಾರದು", "ಸಮಯ ಬಂದಾಗ ಹೇಳ್ತೀನಿ". ಕೆನ್ನೆಗೆ ಹೊಡೆಸಿಕೊಂಡರೂ ಹೇಳಲ್ಲ. ನಾವು ಅದನ್ನ ಅವಳ ದೊಡ್ಡ ಗುಣ ಅಂತ ಮೆಚ್ಚಬೇಕು. ನಿಜದಲ್ಲಿ ಅದು ಅವಳ ಗುಣ ಅಲ್ಲ, ಸ್ಲಾಟ್, ಅಂದರೆ ಚಾನೆಲ್ ಕೊಟ್ಟ ಪ್ರಸಾರದ ಹೊತ್ತು, ತುಂಬೋ ಉಪಾಯ. ಕಥೆ ಹೇಳೋ ಕ್ರಮಕ್ಕೆ ಬೇಕಾದ ಮೌನವನ್ನ ಹೆಣ್ಣಿನ ಧರ್ಮ ಅಂತ ತೋರಿಸಿಬಿಟ್ಟರು.

ನನ್ನ ಅಕ್ಕನ ಮಗಳು ಹನ್ನೆರಡು ವರ್ಷದೋಳು. ಮೊನ್ನೆ ಅವಳ ಶಾಲೆಯ ವ್ಯಾನಿನಲ್ಲಿ ಒಬ್ಬ ಹುಡುಗ ಪೀಡಿಸಿದ್ದನ್ನ ಎರಡು ವಾರ ಮನೆಯಲ್ಲಿ ಹೇಳಿರಲಿಲ್ಲ. "ಅಮ್ಮಂಗೆ ಬೇಜಾರಾಗುತ್ತೆ ಅಂತ" ಅಂದಳು. ಅದು ಧಾರಾವಾಹಿಯಿಂದಲೇ ಬಂತು ಅಂತ ನಾನು ಹೇಳಲಾರೆ. ಆದರೆ ಆ ವಾಕ್ಯವನ್ನ ನಾನು ಆ ವಾರವೇ ಟಿವಿಯಲ್ಲಿ ಕೇಳಿದ್ದೆ, ಅದೇ ಸ್ವರದಲ್ಲಿ.

1998ರಲ್ಲಿ ಚಂದನದಲ್ಲಿ 'ಮಾಯಾಮೃಗ' ಬರುವಾಗ ನಾನು ಕಾಲೇಜಿನಲ್ಲಿದ್ದೆ. ಅದೂ ನೂರಾರು ಕಂತು ಓಡಿತು. ಅಲ್ಲಿನ ಹೆಂಗಸರು ಮಾತಾಡ್ತಿದ್ದರು. ಜಗಳ ಆಡ್ತಿದ್ದರು, ಕೆಲಸಕ್ಕೆ ಹೋಗ್ತಿದ್ದರು, ತಪ್ಪು ಮಾಡ್ತಿದ್ದರು, ತಪ್ಪು ಅಂತ ಒಪ್ಪಿಕೊಳ್ತಿದ್ದರು. ಆಮೇಲೆ ಬಂದ ಟಿ.ಎನ್. ಸೀತಾರಾಂ ಅವರ ಧಾರಾವಾಹಿಗಳ ಕೋರ್ಟ್ ದೃಶ್ಯಗಳಿಗೆ ನಮ್ಮ ಹಾಸ್ಟೆಲ್ ಇಡೀ ಒಂದು ಕೋಣೆಯಲ್ಲಿ ಸೇರ್ತಿತ್ತು. ಕೋರ್ಟ್ ಅಂದರೆ ಏನು? ಎಲ್ಲರ ಎದುರು ನಿಂತು ಗೊತ್ತಿರೋದನ್ನ ಬಾಯಿಬಿಟ್ಟು ಹೇಳೋ ಜಾಗ. ಹೇಳಿದ ಮೇಲೂ ಕಥೆ ನಿಲ್ಲಲಿಲ್ಲ, ಬೆಳೀತು.

ಒನ್‌ಲೈನ್

ತುಂಬೆ ಹೂ ಅವರ ಮಾತು ಓದಿ ಎರಡು ದಿನ ಉತ್ತರ ಬರೆಯಲಾಗಲಿಲ್ಲ. ನಾನು ಅಂಥ ಮೌನಗಳನ್ನು ಬರೆದವನು. "ಸಮಯ ಬಂದಾಗ ಹೇಳ್ತೀನಿ" ಎಂಬ ಸಾಲನ್ನು ಎಷ್ಟು ಕಂತಿಗೆ ಬರೆದಿದ್ದೇನೋ ಲೆಕ್ಕವಿಲ್ಲ. ಬೆಳಿಗ್ಗೆ ಆರಕ್ಕೆ ಕೂತು ಹತ್ತಕ್ಕೆ ಸೆಟ್‌ಗೆ ಪುಟ ಕಳಿಸಬೇಕಾದಾಗ ಕೈ ತಾನಾಗಿ ಅದನ್ನು ಬರೆಯುತ್ತದೆ. ಅವರು ಹೇಳಿದ್ದು ಪೂರಾ ಸತ್ಯ. ಮೌನ ಮೊದಲು ಬರುತ್ತದೆ, ಅದಕ್ಕೆ ಗುಣದ ಹೆಸರು ಆಮೇಲೆ.

ಒಂದು ಧಾರಾವಾಹಿಯ ಅನುಭವ ಹೇಳುತ್ತೇನೆ. ದೊಡ್ಡ ಮನೆಯ ಮಗಳು ನಿಜವಾಗಿ ಆ ಮನೆಯ ಅಡುಗೆಯಾಕೆಯ ಮಗಳು. ನೋಡುಗರಿಗೆ ಮೊದಲ ವಾರವೇ ಗೊತ್ತು. ಅಡುಗೆಯಾಕೆಗೆ ಗೊತ್ತು. ಹುಡುಗಿಗೆ ಗೊತ್ತಿಲ್ಲ. ಚಾನೆಲ್‌ನವರ ಲೆಕ್ಕ: ಹುಡುಗಿಗೆ ಗೊತ್ತಾಗುವುದು ಕ್ಲೈಮ್ಯಾಕ್ಸ್‌ನಲ್ಲಿ. ಅಲ್ಲಿಯವರೆಗೆ ಗೊತ್ತಾಗುವಂತಾಗಿ ತಪ್ಪಿಹೋಗುತ್ತಿರಬೇಕು. ನಾವು ಹಾಗೇ ಐದು ತಿಂಗಳು ಓಡಿಸಿದೆವು. ಹಳೆಯ ಪೆಟ್ಟಿಗೆ ಸಿಕ್ಕಿ ಕಳೆಯಿತು, ಸೂಲಗಿತ್ತಿ ಬಂದು ಕೋಮಾಗೆ ಹೋದಳು, ಫೋಟೊ ಅರ್ಧ ಸುಟ್ಟಿತು. ಅಂಕಿ ಇಳಿಯಿತು. ಧಾರಾವಾಹಿ ನಿಲ್ಲಿಸುವ ಮಾತು ಬಂದಾಗ, ಹೇಗೂ ಹೋಗುವುದಿದೆ, ಹುಡುಗಿಗೆ ಈಗಲೇ ಗೊತ್ತಾಗಲಿ, ಆದರೆ ಅವಳು ಯಾರಿಗೂ ಹೇಳದಿರಲಿ ಎಂದೆ. "ಗೊತ್ತಾದ ಮೇಲೆ ಕಥೆ ಎಲ್ಲಿ ಉಳಿಯುತ್ತೆ?" ಎಂದು ಕೇಳಿದರು. ಉತ್ತರ ನನ್ನ ಬಳಿ ಇರಲಿಲ್ಲ. ಬೇರೆ ದಾರಿ ಇಲ್ಲದ್ದರಿಂದ ಒಪ್ಪಿದರು.

ಮರುದಿನದ ದೃಶ್ಯ ಬರೆಯಲು ಕೂತಾಗ ನನಗೇ ಆಶ್ಚರ್ಯವಾಯಿತು. ಅಡುಗೆಯಾಕೆ ಹುಡುಗಿಯ ತಲೆಗೆ ಎಣ್ಣೆ ಹಚ್ಚುವ ದೃಶ್ಯ. ಇಂಥದ್ದನ್ನು ಹಿಂದೆ ಹತ್ತು ಸಲ ಬರೆದಿದ್ದೆ, ಆಗೆಲ್ಲ ಆಕೆಯ ಕಣ್ಣಲ್ಲಿ ನೀರು, ಹಿನ್ನೆಲೆಯಲ್ಲಿ ಕೊಳಲು. ಈಗ ಹುಡುಗಿಗೆ ಗೊತ್ತು. ಹುಡುಗಿಗೆ ಗೊತ್ತಾಗಿದೆ ಎಂಬುದು ಅಡುಗೆಯಾಕೆಗೆ ಗೊತ್ತಿಲ್ಲ. ಎಣ್ಣೆ ಹಚ್ಚಿ ಮುಗಿಸಿ ಅಡುಗೆಯಾಕೆ ಏಳಲು ಹೋಗುತ್ತಾಳೆ. ಹುಡುಗಿ ತಿರುಗಿ ನೋಡದೆ, "ಇನ್ನೊಂದು ಸ್ವಲ್ಪ ಹೊತ್ತು ಹಚ್ಚಿ" ಅನ್ನುತ್ತಾಳೆ. ಅಷ್ಟು ದಿನ "ಹಚ್ಚು" ಎನ್ನುತ್ತಿದ್ದವಳು ಅಂದು "ಹಚ್ಚಿ" ಅಂದಳು. ಅಡುಗೆಯಾಕೆಯ ಕೈ ಅವಳ ತಲೆಯ ಮೇಲೆ ಹಾಗೇ ನಿಂತಿತು. ನಿರ್ದೇಶಕರು ಅಲ್ಲಿ ಸಂಗೀತ ಬೇಡವೆಂದರು, ಕಟ್ ಕೂಡ ಮಾಡಲಿಲ್ಲ.

ಒಂದು ಪ್ರತ್ಯಯ ಬದಲಾದದ್ದಕ್ಕೆ ಮುಂದಿನ ಎರಡು ವಾರದ ಕಥೆ ತಾನಾಗಿ ಬಂತು. ಅಡುಗೆಯಾಕೆಗೆ ಅನುಮಾನ ಹತ್ತಿತು. ಸಾಕುತಾಯಿಗೆ ಮಗಳ ಮಾತಿನ ಧಾಟಿ ಬದಲಾದದ್ದು ಕಂಡಿತು, ಅವಳು ಅದನ್ನು ತನ್ನ ಮೇಲಿನ ಮುನಿಸು ಎಂದುಕೊಂಡಳು. ಅಲ್ಲಿಂದ ನಾವು ಗೋಡೆಗೆ ಒಂದು ಹಾಳೆ ಅಂಟಿಸಿದೆವು: ಯಾರಿಗೆ ಏನು ಗೊತ್ತು, ಅದು ಗೊತ್ತಿದೆ ಅಂತ ಇನ್ಯಾರಿಗೆ ಗೊತ್ತು. ಎಂಟು ಮುಖ್ಯ ಪಾತ್ರಗಳಿದ್ದರೆ 28 ಜೋಡಿಗಳಾಗುತ್ತವೆ. ಗುಟ್ಟು ಒಬ್ಬರಿಂದ ಇನ್ನೊಬ್ಬರಿಗೆ ದಾಟಿದಾಗಲೆಲ್ಲ ಆ ಜೋಡಿಗಳಲ್ಲಿ ಹಲವು ಬದಲಾಗುತ್ತವೆ, ಒಂದೊಂದಕ್ಕೂ ಒಂದು ಹೊಸ ದೃಶ್ಯ ಬೇಕಾಗುತ್ತದೆ. ತಡೆದಿಟ್ಟಾಗ ನಮ್ಮ ಬಳಿ ಒಂದೇ ದೃಶ್ಯವಿತ್ತು, ಅದನ್ನೇ ತಿರುಗಿಸಿ ತಿರುಗಿಸಿ ಬರೆಯುತ್ತಿದ್ದೆವು. ಹರಿಯಬಿಟ್ಟಾಗ ದೃಶ್ಯಗಳಿಗೆ ಬರ ಬರಲಿಲ್ಲ.

ಹದಿಮೂರು ಕಂತು ಅವರೇ, 95 ಗಂಟೆ ತುಂಬುವಷ್ಟು ಘಟನೆ ಎಲ್ಲಿಂದ ಬರಬೇಕು ಅಂತ ಕೇಳಿದ್ದಿರಿ. ಘಟನೆ ಬರುವುದಿಲ್ಲ, ಅದು ನಿಜ. ಆ ಹೊತ್ತನ್ನು ತುಂಬಬೇಕಾದದ್ದು ಒಬ್ಬರಿಗೆ ಗೊತ್ತಾದದ್ದು ಇನ್ನೊಬ್ಬರ ಜೊತೆಗಿನ ನಡತೆಯನ್ನು ಹೇಗೆ ಬದಲಿಸುತ್ತದೆ ಎಂಬುದು. ತುಂಬೆ ಹೂ ಅವರಿಗೂ ಒಂದು ಮಾತು: ಆ ಹುಡುಗಿಯೂ ಸುಮ್ಮನಿದ್ದಳು, ಆದರೆ ಅದು ಅವಳ ಆಯ್ಕೆಯಾಗಿತ್ತು, ಅದಕ್ಕೊಂದು ಅವಧಿಯಿತ್ತು. ಮೂರು ವಾರಕ್ಕೆ ಅವಳೇ ಹೋಗಿ ಊಟದ ಮನೆಯಲ್ಲಿ ಎಲ್ಲರೆದುರು ಹೇಳಿದಳು.

ಹದಿಮೂರು ಕಂತು

ಎಣ್ಣೆ ಹಚ್ಚುವ ದೃಶ್ಯ ಓದಿಯೇ ಗಂಟಲು ಕಟ್ಟಿತು. ಅಂಥದ್ದು ವಾರಕ್ಕೆ ಎರಡು ಬಂದರೆ ನಾನು 260 ಅಲ್ಲ, ಎಷ್ಟಾದರೂ ನೋಡುತ್ತೇನೆ. ನನ್ನ ಉಳಿದ ತಕರಾರು ಒಂದೇ: ಮುಗಿಯುವ ದಿನ ಗೊತ್ತಿಲ್ಲದೆ ಬರೆಯುವವರು ಕೊನೆಯನ್ನು ಹೇಗೆ ಕಟ್ಟುತ್ತಾರೆ? ಸ್ಲಾಟ್ ಹೋಯಿತು ಅಂತ ಎರಡು ವಾರದಲ್ಲಿ ಎಲ್ಲರಿಗೂ ಒಳ್ಳೆ ಬುದ್ಧಿ ಬಂದು ಮುಗಿದುಹೋದ ಧಾರಾವಾಹಿಗಳನ್ನು ಎಷ್ಟು ನೋಡಿಲ್ಲ?

ಒನ್‌ಲೈನ್

ಅದಕ್ಕೆ ನನ್ನ ಬಳಿ ಉತ್ತರವಿಲ್ಲ. ನಾನು ಹೇಳಿದ ಧಾರಾವಾಹಿಯೂ ಹಾಗೇ ಮುಗಿಯಿತು, ಒಂಬತ್ತು ದಿನದ ನೋಟಿಸಿನಲ್ಲಿ. ಸಾಕುತಾಯಿ ಮತ್ತು ಅಡುಗೆಯಾಕೆ ಇಬ್ಬರೇ ಕೂತು ಮಾತಾಡುವ ದೃಶ್ಯ ಬರೆದಿಟ್ಟಿದ್ದೆ. ಚಿತ್ರೀಕರಿಸಲು ದಿನ ಸಿಗಲಿಲ್ಲ. ಆ ಪುಟಗಳು ಇನ್ನೂ ಇವೆ.

ಎಡಿಟ್ ಟೇಬಲ್

ಹಳೆಯ 'ಹಮ್ ಲೋಗ್' ನೆನಪಾಯಿತು. 1984ರಲ್ಲಿ ಶುರುವಾದದ್ದು, ನೂರೈವತ್ತಕ್ಕೂ ಹೆಚ್ಚು ಕಂತು. ಪ್ರತಿ ಕಂತಿನ ಕೊನೆಗೆ ಅಶೋಕ್ ಕುಮಾರ್ ಬಂದು ನೋಡುಗರ ಜೊತೆ ನೇರವಾಗಿ ಮಾತಾಡುತ್ತಿದ್ದರು, ಇವನು ಹೀಗೆ ಮಾಡಿದ, ನೀವೇನನ್ನುತ್ತೀರಿ ಅಂತ. ಕೊನೆ ಹೇಗೇ ಇರಲಿ, ಪ್ರತಿ ಕಂತಿಗೂ ಅದರದೇ ಒಂದು ಮುಕ್ತಾಯ ಇರುತ್ತಿತ್ತು, ನೋಡಿದವರಿಗೆ ಯೋಚಿಸಲು ಒಂದು ವಿಷಯ ಸಿಗುತ್ತಿತ್ತು. ಈಗ ನಾವು ಪ್ರತಿ ಕಂತನ್ನೂ ಹುಕ್‌ಗೆ ನೇತುಹಾಕಿ ಬಿಡುತ್ತೇವೆ, ಮರುದಿನ ಮೊದಲ ನಿಮಿಷದಲ್ಲೇ ಅದು ಏನೂ ಅಲ್ಲ ಅಂತಾಗುತ್ತದೆ. ಬಾಗಿಲಲ್ಲಿ ಕಂಡ ನೆರಳು ಹಾಲಿನವನದು. ಹೀಗೆ ನಾಲ್ಕು ಸಲ ಮಾಡಿದರೆ ಐದನೆಯ ಸಲ ನಿಜವಾಗಿ ಕಳ್ಳ ಬಂದರೂ ಯಾರೂ ಬೆಚ್ಚುವುದಿಲ್ಲ.

ಮುಸ್ಸಂಜೆ

ಎಲ್ಲವನ್ನೂ ಕೂತು ಓದಿದೆ, ಕೆಲವನ್ನು ಅಮ್ಮನಿಗೂ ಓದಿ ಹೇಳಿದೆ. ಎಣ್ಣೆ ಹಚ್ಚುವ ದೃಶ್ಯ ಓದುವಾಗ "ಅದನ್ನ ನಾನು ನೋಡಿದೀನಿ" ಅಂದರು. ಯಾವ ಧಾರಾವಾಹಿ ಅಂತ ಹೆಸರು ನೆನಪಿಲ್ಲ, ಆ ಹುಡುಗಿ "ಹಚ್ಚಿ" ಅಂದದ್ದು ನೆನಪಿದೆ. ಒನ್‌ಲೈನ್ ಅವರಿಗೆ ಇದನ್ನ ತಿಳಿಸಬೇಕು ಅನ್ನಿಸಿತು.

ನಿನ್ನೆ ನಮ್ಮ ಧಾರಾವಾಹಿಯಲ್ಲಿ ಐದನೇ ಸಲವೂ ಹೇಳೋಕಾಗಲಿಲ್ಲ. ಆದರೆ ಕಂತಿನ ಕೊನೆಯಲ್ಲಿ ಒಂದು ಸಣ್ಣದು ಆಯ್ತು. ಅತ್ತೆ ದೇವರ ಮನೆಯಲ್ಲಿ ದೀಪ ಹಚ್ಚುವಾಗ ಸೆರಗಿನ ಗಂಟು ಸೊಸೆಯ ಕಣ್ಣಿಗೆ ಬಿತ್ತು. ಕಾಗದದ ತುದಿ ಕಾಣ್ತಿತ್ತು. ಇಬ್ಬರೂ ಒಬ್ಬರನ್ನೊಬ್ಬರು ನೋಡಿದರು. ಅಲ್ಲಿಗೆ ಮುಗೀತು.

"ಈಗ ಗಂಡನಿಗೆ ಹೇಳ್ತಾಳಾ?" ಅಂತ ಅಮ್ಮನನ್ನ ಕೇಳಿದೆ.

"ಗಂಡ ಬಿಡು. ಅತ್ತೆ ಹತ್ರ ಏನು ಮಾತಾಡ್ತಾಳೆ ಅಂತ ನೋಡ್ಬೇಕು" ಅಂದರು. ಇವತ್ತು ಅಡುಗೆ ಆರೂವರೆಗೇ ಮುಗಿಸಿದ್ದಾರೆ.